ಮೂರು ಸಲ ‘ಅದಿರಲಿ’ ಅಂದೆ

ಮೊದಲ ಭೇಟಿಯಲ್ಲೇ ಬಿಕ್ಕಿ ಬಿಕ್ಕಿ ಅತ್ತು, ಸೆರಗಿನಿಂದ ಕಣ್ಣೊರೆಸಿಕೊಂಡು, ‘ನಿಮ್ಮ ಹತ್ರ ಹೇಳಿ ಹಗುರ ಆಯ್ತು ಬಾಯೋರೆ’ ಎಂದು ಎದ್ದು ಹೋಗುವವರನ್ನು ನಾನು ನಂಬುವುದಿಲ್ಲ. ಹಾಗೆ ಹೇಳಿಸಿಕೊಂಡು ಹಿಗ್ಗುವ ಆಪ್ತಸಮಾಲೋಚಕರನ್ನಂತೂ ಸುತರಾಂ ನಂಬುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಕಾರವಾರದ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕುಳಿತು ಜನರ ಮಾತು ಕೇಳಿದವಳು ನಾನು. ಕೇಳಿದೆ ಅನ್ನುವುದೂ ಪೂರ್ತಿ ನಿಜವಲ್ಲ, ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ. ಆಸ್ಪತ್ರೆಯ ಹೆಸರು ಬೇಡ. ರೋಗಿಗಳ ಹೆಸರು ಬದಲಿಸಿದ್ದೇನೆ. ಎಷ್ಟು ಬದಲಿಸಿದ್ದೇನೆ ಎಂದು ನೀವು ಅನುಮಾನಪಟ್ಟರೆ ನನಗೇನೂ ಬೇಸರವಿಲ್ಲ, ಈ ಕೆಲಸಕ್ಕೆ ಬರುವವರಿಗೆ ಅನುಮಾನ ಬೇಕು.

ನಿವೃತ್ತಳಾದ ಮೇಲೆ ಅಂಕೋಲೆಯಲ್ಲಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಆಗೊಮ್ಮೆ ಈಗೊಮ್ಮೆ ಬಂದು ‘ಮೇಡಂ, ನಿಮ್ಮ ಅನುಭವ ಹೇಳಿ’ ಎಂದು ಕೂರುತ್ತಾರೆ. ಮೊನ್ನೆ ಬಂದವಳ ಚೀಲದಲ್ಲಿ ತರಬೇತಿಯಲ್ಲಿ ಕೊಟ್ಟ ಒಂದು ಕಾರ್ಡಿತ್ತು. ರೋಗಿ ಅತ್ತರೆ ಏನನ್ನಬೇಕು, ಸುಮ್ಮನಾದರೆ ಏನನ್ನಬೇಕು ಎಂದು ಅದರಲ್ಲಿ ಸಾಲಾಗಿ ಅಚ್ಚು ಹಾಕಿದ್ದರು. ಮೊದಲ ಸಾಲೇ ‘ನಿಮ್ಮ ನೋವು ನನಗೆ ಅರ್ಥವಾಗುತ್ತದೆ’.

ಆ ಸಾಲು ನೋಡಿ ನನಗೆ ನಗು ಬಂತು. ಕೆಲಸಕ್ಕೆ ಸೇರಿದ ವರ್ಷ ಅದನ್ನೇ ಬೈತಖೋಲ ಬಂದರಿನ ಒಬ್ಬ ಮುದಿ ತಾಂಡೇಲನಿಗೆ ಹೇಳಿದ್ದೆ. ಐವತ್ತು ವರ್ಷ ದೋಣಿ ನಡೆಸಿದವನು. ಮಗ ಹಿಡಿದು ತಂದು ಕೂರಿಸಿದ್ದ. ನಿದ್ದೆಯಿಲ್ಲ ಎಂದಷ್ಟೇ ಹೇಳಿ ನೆಲ ನೋಡುತ್ತ ಕುಳಿತಿದ್ದ. ನಾನು ಸ್ವರವನ್ನು ಮೃದು ಮಾಡಿ, ‘ನಿಮ್ಮ ನೋವು ನನಗೆ ಅರ್ಥವಾಗುತ್ತದೆ’ ಅಂದೆ. ಆತ ಕತ್ತೆತ್ತಿದ.

‘ಅರ್ಥ ಆಯ್ತಾ? ನಾ ಇನ್ನೂ ಎಂತದೂ ಹೇಳೇ ಇಲ್ಲಲ್ರಾ!’

‘ಹಾಗಲ್ಲ ಅಜ್ಜಾ...’

‘ಹೇಳೂಕೆ ಮೊದ್ಲೇ ಅರ್ಥ ಆಗೂದಾದ್ರೆ ನಾ ಹೇಳೂದು ಎಂತಕ್ಕೆ ಮಾರಾಯ್ತಿ?’ ಎಂದವನೇ ಹೆಗಲ ಮೇಲೆ ಟುವಾಲು ಹಾಕಿಕೊಂಡು ಹೊರಟುಬಿಟ್ಟ. ಮತ್ತೆ ಬರಲಿಲ್ಲ. ಅವನ ನೋವು ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಕೆಲಸದಲ್ಲಿ ಸೂಜಿಯಿಲ್ಲ, ಕತ್ತರಿಯಿಲ್ಲ. ಇರುವುದು ಬಾಯಿ ಒಂದೇ. ಸರ್ಜನ್ ಕತ್ತರಿಯನ್ನು ಹೊಟ್ಟೆಯೊಳಗೆ ಬಿಟ್ಟರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಊರೆಲ್ಲ ಗದ್ದಲವಾಗುತ್ತದೆ. ನಾವು ರೋಗಿಯೊಳಗೆ ಒಂದು ಮಾತು ಬಿಟ್ಟರೆ ಯಾವ ಯಂತ್ರದಲ್ಲೂ ಕಾಣುವುದಿಲ್ಲ. ಅದು ರೋಗಿಯದೇ ಮಾತು ಎಂದು ಎಲ್ಲರೂ ನಂಬುತ್ತಾರೆ, ಕೊನೆಗೆ ರೋಗಿಯೂ ನಂಬುತ್ತಾನೆ.

ಇದನ್ನು ನನಗೆ ಕಲಿಸಲು ಹೆಣಗಿದವರು ನಮ್ಮ ವಿಭಾಗದ ಹಿರಿಯ ಡಾಕ್ಟರು. ಅವರಂಥ ಸಂಶಯಪ್ರಾಣಿಯನ್ನು ನಾನು ಬೇರೆ ನೋಡಿಲ್ಲ. ಕೋಣೆಗೆ ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುವರು, ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಮೂರನೆಯ ಸಲ ಎಳೆಯುವರು. ರೋಗಿಗಳ ಮೇಲೆ ಅವರಿಗೆ ಅಷ್ಟೇನೂ ಅನುಮಾನವಿರಲಿಲ್ಲ. ಅನುಮಾನವೆಲ್ಲ ನಮ್ಮ ಮೇಲೆ. ‘ರೋಗಿ ಸುಳ್ಳು ಹೇಳ್ತಾನೆ ಅಂತ ಅನುಮಾನಪಡೋದಕ್ಕೆ ಡಿಗ್ರಿ ಬೇಡ. ಟಿಪ್ಪಣಿ ಬರೆದವಳ ಮೇಲೆ ಅನುಮಾನ ಪಡು’ ಅನ್ನುವರು. ಟಿಪ್ಪಣಿ ಬರೆದವಳು ಎದುರಿಗೇ ನಿಂತಿರುತ್ತಿದ್ದಳು.

ಅವರದ್ದೊಂದು ಪದ್ಧತಿ ಇತ್ತು. ಹೊಸ ರೋಗಿಯ ಮೊದಲ ಮೂರು ಭೇಟಿಗಳನ್ನು ಆ ರೋಗಿಯ ಒಪ್ಪಿಗೆ ಪಡೆದು ರೆಕಾರ್ಡು ಮಾಡಬೇಕು, ಆಮೇಲೆ ಒಂದಕ್ಷರ ಬಿಡದೆ ಬರೆಯಬೇಕು. ಪುಟದ ನಡುವೆ ಗೀಟು. ಎಡಗಡೆ ರೋಗಿಯ ಮಾತು, ಬಲಗಡೆ ನಮ್ಮದು. ಕೆಮ್ಮಿದರೆ ಕೆಮ್ಮು, ಹೂಂ ಅಂದರೆ ಹೂಂ. ಬರೆದು ಮುಗಿಸಿದಾಗ ಕೈ ಸೋತು ಹೋಗುತ್ತಿತ್ತು. ಮೊದಲು ಕ್ಯಾಸೆಟ್ಟು, ನಂತರ ಬೆರಳಿನಷ್ಟುದ್ದದ ಯಂತ್ರ, ಕಡೆಕಡೆಗೆ ಮೊಬೈಲು. ಯಂತ್ರ ಬದಲಾದರೂ ಗೀಟು ಬದಲಾಗಲಿಲ್ಲ.

ನನ್ನ ಮೊದಲ ಪುಟಗಳು ಕಿನ್ನರ ಎಂಬ ಊರಿನ ಒಬ್ಬ ಶಾಲಾ ಗುಮಾಸ್ತನದ್ದು. ಆತನಿಗೆ ಎದೆ ಢವಢವ. ಡಾಕ್ಟರು ಪುಟವನ್ನು ದೂರ ಹಿಡಿದು ನೋಡಿದರು, ಓದಲಿಲ್ಲ. ಎಡಗಡೆ ಅಲ್ಲೊಂದು ಇಲ್ಲೊಂದು ಸಾಲು, ಬಲಗಡೆ ಉದ್ದಕ್ಕೂ ಕಪ್ಪು. ‘ಇದರಲ್ಲಿ ಪೇಶೆಂಟು ಯಾರು?’ ಎಂದು ಕೇಳಿದರು. ಗುಮಾಸ್ತನೇ ವಾಸಿ, ಮೂರನೆಯ ವಾರ ಹೋಗುವಾಗ ಕೈಮುಗಿದು ಹೇಳಿದ, ‘ನೀವು ಭಾರೀ ಚಂದ ಮಾತಾಡ್ತ್ರಿ ಬಾಯೋರೆ. ನಿಮ್ಗೂ ಸ್ವಲ್ಪ ಹಗುರ ಆಗಿರ್ಬೇಕು ಅಲ್ದಾ?’ ಅವನು ಕುಹಕವಾಡಿದನೋ ನಿಜವಾಗಿಯೇ ಹೇಳಿದನೋ ತಿಳಿಯದೆ ವಾರವಿಡೀ ಒದ್ದಾಡಿದೆ.

ಹೀಗೆ ಬೈಸಿಕೊಂಡು ಬೈಸಿಕೊಂಡು ಮಾತು ಕಡಿಮೆ ಮಾಡಿದೆ. ಹತ್ತು ಹದಿನೈದು ವರ್ಷದಲ್ಲಿ ನನ್ನ ಬಲಗಡೆಯ ಅಂಕಣ ಬರಿದಾಗುತ್ತ ಬಂತು. ಎರಡು ಶಬ್ದ, ಮೂರು ಶಬ್ದ, ಒಂದು ಪ್ರಶ್ನೆ. ನನಗೆ ಜಂಬ ಬಂತು. ಕಡಿಮೆ ಮಾತಾಡುವವರು ಕಡಿಮೆ ಹಾಳು ಮಾಡುತ್ತಾರೆ ಎಂದು ನಾನು ನಂಬಿಬಿಟ್ಟಿದ್ದೆ. ನನ್ನ ಅತಿ ದೊಡ್ಡ ತಪ್ಪು ಆ ಜಂಬದ ಕಾಲದ್ದು.

ನಿವೃತ್ತಿಗೆ ಏಳೆಂಟು ವರ್ಷವಿದ್ದಾಗ ಅವರ್ಸೆಯಿಂದ ಒಬ್ಬ ಹೆಂಗಸು ಬಂದಳು. ಮಂಗಲಾ ಎಂದು ಕರೆಯುತ್ತೇನೆ. ನಲವತ್ತರ ಆಚೆ, ಗಟ್ಟಿ ಆಳು, ಅಂಕೋಲೆ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೀನು ಮಾರುವವಳು. ನಾಲ್ಕು ತಿಂಗಳಿಂದ ಅನ್ನ ಗಂಟಲಲ್ಲಿ ಇಳಿಯದೆ ಅರ್ಧ ಆಗಿದ್ದಳು. ಕೊಳವೆ ಇಳಿಸಿ ನೋಡಿದ ಡಾಕ್ಟರುಗಳು ಏನೂ ಇಲ್ಲವೆಂದು ಹೇಳಿ ನಮ್ಮಲ್ಲಿಗೆ ದಾಟಿಸಿದ್ದರು. ಅವಳ ಗಂಡ ಬೋಟಿಗೆ ಹೋಗುವವನು, ಒಬ್ಬಳೇ ಮಗಳಿಗೆ ಮದುವೆ ಗೊತ್ತಾಗಿತ್ತು. ಮನೆಯಲ್ಲಿ ಇನ್ನೊಬ್ಬಳಿದ್ದಳು, ಸಾವಿತ್ರಿ. ಮಂಗಲೆಯ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಮದುವೆಯಾದ ಮೂರೇ ವರ್ಷಕ್ಕೆ ಗಂಡ ಸತ್ತು, ಮಕ್ಕಳಿಲ್ಲದೆ, ಅದೇ ಮನೆಯಲ್ಲಿ ಉಳಿದವಳು. ಮಂಗಲಾ ಪೇಟೆಗೆ, ಸಾವಿತ್ರಿ ಒಲೆಗೆ. ಇಪ್ಪತ್ತೆರಡು ವರ್ಷ ಇಬ್ಬರ ಸಂಸಾರ ನಡೆದದ್ದು ಹೀಗೆ. ಆ ಒಲೆ ಬಿಟ್ಟರೆ ಸಾವಿತ್ರಿಗೆ ಈ ಲೋಕದಲ್ಲಿ ತನ್ನದು ಎನ್ನುವ ಜಾಗ ಇರಲಿಲ್ಲ. ಇದನ್ನು ಮಂಗಲಾ ನನಗೆ ಮೊದಲ ದಿನವೇ ಹೇಳಿದ್ದಳು.

ಅದೇ ದಿನ ಇನ್ನೊಂದು ವಿಷಯವನ್ನೂ ಹೇಳಿದಳು. ನಮ್ಮ ಕಡೆ ಕಷ್ಟ ಬಂದರೆ ದೇವರಲ್ಲಿ ಪ್ರಸಾದ ಕೇಳುತ್ತಾರೆ. ಮೂರ್ತಿಯ ಮೈಗೆ ಒದ್ದೆ ಹೂವಿನ ಎಸಳು ಹಚ್ಚಿ, ಪೂಜಾರಿ ಭಕ್ತರ ಪರವಾಗಿ ಪ್ರಶ್ನೆ ಇಡುತ್ತಾನೆ. ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಮಂಗಲೆಯ ಗಂಡ ಹೋಗಿ, ಯಾರಾದರೂ ಅನ್ನದಲ್ಲಿ ಮಾಟದ ಮದ್ದು ಹಾಕಿದ್ದಾರೆಯೇ ಎಂದು ಕೇಳಿಸಿದ್ದ. ಗಂಟಲು ಕಟ್ಟಿದರೆ ನಮ್ಮ ಜನ ಮೊದಲು ಕೇಳುವುದೇ ಅದನ್ನು. ಎಡಗಡೆಯ ಎಸಳು ಬಿತ್ತು.

‘ಇಲ್ಲ ಅಂತು ದೇವ್ರು. ಪಾಡಾಯ್ತು ಬಾಯೋರೆ, ಒಂದು ಹೆದ್ರಿಕೆ ಹೋಯ್ತು’ ಎಂದಳು ಮಂಗಲಾ.

ನಾನು ತಲೆಯಾಡಿಸಿದೆ. ಒಳಗೊಳಗೇ ನಕ್ಕಿರಬೇಕು. ಓದಿದವಳಲ್ಲವೇ!

ಮೂರು ಭೇಟಿಗಳಾದವು. ರೆಕಾರ್ಡು ಮಾಡಿದೆ, ಅಕ್ಷರ ಬಿಡದೆ ಬರೆಯಲಿಲ್ಲ. ಇಷ್ಟು ವರ್ಷದ ಅನುಭವ, ಇನ್ನೂ ಕೂಲಿಯವಳ ಹಾಗೆ ಬರೆಯಬೇಕೇ ಎಂಬ ಸೊಕ್ಕು. ಸಾರಾಂಶ ಬರೆದೆ. ‘ಮೂರನೆಯ ಭೇಟಿಯಲ್ಲಿ ರೋಗಿಯು ಓರಗಿತ್ತಿಯ ಮೇಲೆ ತನಗಿದ್ದ ಸಂಶಯವನ್ನು ಹೊರಹಾಕಿದರು. ಬಹುಕಾಲ ಅದುಮಿಟ್ಟ ಅಸಮಾಧಾನ.’ ಎಷ್ಟು ಚಂದದ ವಾಕ್ಯ ನೋಡಿ.

ನಾಲ್ಕನೆಯ ಭೇಟಿಗೆ ಮಂಗಲಾ ಬಂದಾಗ ಮುಖದಲ್ಲಿ ಕಳೆಯಿತ್ತು. ಎರಡು ಹೊತ್ತು ಗಂಜಿ ಇಳಿಯುತ್ತಿದೆ ಎಂದಳು. ಐದನೆಯದಕ್ಕೆ ಬಂಗಡೆ ಸಾರು, ಅನ್ನ. ಆರನೆಯದಕ್ಕೆ ಬರಲೇ ಇಲ್ಲ, ಗಂಡ ಬಂದು ‘ಪೂರಾ ಆರಾಮಾಗಿದೆ’ ಎಂದು ಒಂದು ಬುಟ್ಟಿ ಏಡಿ ಇಟ್ಟು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, ‘ಅತ್ಗೆನ್ನ ಚೆಂಡಿಯಾಕ್ಕೆ ಅವಳ ತಂಗಿ ಮನೆಗೆ ಕಳ್ಸಿದ್ವಿ. ಈಗ ಅಡ್ಗೆ ಮಂಗಲಾನೇ ಮಾಡೂದು. ಪೇಟೆಗೆ ಹೋಗೂದು ಬಿಟ್ಳು’ ಎಂದ. ನಾನು ‘ಒಳ್ಳೆಯದು’ ಅಂದೆ. ಆ ಶಬ್ದ ನನ್ನ ಕಿವಿಯಲ್ಲಿ ಇನ್ನೂ ಇದೆ.

ವಿಭಾಗದ ತಿಂಗಳ ಸಭೆಯಲ್ಲಿ ಆ ಕೇಸು ಮಂಡಿಸಿದೆ. ಔಷಧವಿಲ್ಲದೆ, ಐದೇ ಭೇಟಿಯಲ್ಲಿ, ಬರೀ ಮಾತಿನಿಂದ ಗುಣ! ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರಿಯ ಡಾಕ್ಟರು ಮಾತ್ರ ಕೈಕಟ್ಟಿ ಕುಳಿತಿದ್ದರು. ಆಗ ಅವರಿಗೆ ನಿವೃತ್ತಿಯಾಗಿತ್ತು, ವಾರಕ್ಕೊಮ್ಮೆ ಬರುತ್ತಿದ್ದರು.

‘ಬರೆದದ್ದು ತಾ’ ಅಂದರು.

‘ಸಾರಾಂಶ ಇದೆ ಸರ್.’

‘ಸಾರಾಂಶ ನೀನೇ ಇಟ್ಟುಕೋ. ಟೇಪು ತಾ.’

ಸಭೆ ಮುಗಿದ ಮೇಲೆ ನನ್ನನ್ನೇ ಕೂರಿಸಿ, ಮೊಬೈಲು ಮೇಜಿನ ಮೇಲಿಟ್ಟು, ಕೇಳುತ್ತ ಬರೆಯಲು ಹೇಳಿದರು. ಗೀಟನ್ನು ಅವರೇ ಎಳೆದರು. ಮೂರು ಭೇಟಿ ಬರೆಯಲು ಎರಡು ದಿನ ಹಿಡಿಯಿತು.

ಮಂಗಲಾ: ‘ಮನೇಲಿ ಉಂಬೂಕೆ ಕೂತ್ರೆ ಅನ್ನ ನಿಲ್ತದೆ. ಪೇಟೆಲಿ ಚಾ, ಬನ್ನು ಇಳೀತದೆ. ಹುಡುಗ್ನ ಕಡೆವ್ರು ಬಂದು ಹೋದ ಮೇಲೆ ಸುರು ಆದದ್ದು.’

ನಾನು: ‘ಅದಿರಲಿ. ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?’

ಮಂಗಲಾ: ‘ಅಕ್ಕ. ಅವ್ಳ ಕೈ ಭಾರೀ ರುಚಿ ಬಾಯೋರೆ.’

ನಾನು: ‘ಅಕ್ಕ ಬಡಿಸುವಾಗ ನಿಮಗೆ ಏನನಿಸುತ್ತದೆ?’

ಮಂಗಲಾ: ‘ಎಂತ ಅನ್ಸೂದು? ಹಸಿವು.’

ನಾನು: ‘ಬೇರೆ ಏನೂ ಅನಿಸುವುದಿಲ್ಲವೇ?’

ಆಮೇಲೆ ಟೇಪಿನಲ್ಲಿ ಫ್ಯಾನಿನ ಸದ್ದು.

ಎರಡನೆಯ ಭೇಟಿಯಲ್ಲಿ ಆಕೆ ಮತ್ತೆ ಹೇಳುತ್ತಾಳೆ: ‘ಹುಡುಗ್ನ ಕಡೆವ್ರು ಕಾರವಾರದವ್ರು, ಆಫೀಸು ಗೀಫೀಸು ಇದ್ದ ಜನ. ಹುಡುಗಿ ತಾಯಿ ಪೇಟೆಲಿ ಬುಟ್ಟಿ ಇಟ್ಕಂಡು ಕೂರೂದು ಚಂದ ಕಾಣೂದಿಲ್ಲ ಅಂದೇಳಿ ಮಾತು ಕಳ್ಸಿದ್ರು. ಮನೇಲಿ ಯಾರ ಹತ್ರನೂ ಹೇಳ್ಲಿಲ್ಲ ನಾನು.’ ನಾನು: ‘ಅದಿರಲಿ. ಹೋದ ಸಲ ಅಕ್ಕನ ವಿಷಯ ಅರ್ಧಕ್ಕೆ ನಿಂತಿತ್ತು.’

ಅರ್ಧಕ್ಕೆ ನಿಂತಿತ್ತಂತೆ! ಅವಳು ಶುರುವೇ ಮಾಡಿರಲಿಲ್ಲ.

ಮೂರನೆಯದರಲ್ಲಿ ಇನ್ನೊಂದು ಸಲ ಅದೇ ಮಾತು, ಈಗ ಸಣ್ಣದಾಗಿ: ‘ಇಪ್ಪತ್ತೆರಡು ವರ್ಷ ಕೂತ ಜಾಗ ಬಾಯೋರೆ, ಬಿಡು ಅಂದ್ರೆ ಬಿಡೂದು ಹ್ಯಾಂಗೆ?’ ನಾನು: ‘ಅದಿರಲಿ.’ ಈ ಸಲ ನಾನು ಮುಂದೆ ಏನೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಮಂಗಲಾ ದಾರಿ ಕಲಿತಿದ್ದಳು. ತಾನೇ ಹೇಳುತ್ತಾಳೆ: ‘ಅಕ್ಕ... ಎಂತಾದ್ರೂ ಹಾಕಿರ್ಬಹುದಾ?’

ಆಗ ಟೇಪಿನಲ್ಲಿ ಕುರ್ಚಿ ಎಳೆದ ಸದ್ದು. ನಾನು ಮುಂದಕ್ಕೆ ಬಗ್ಗಿದ್ದೆ. ಪೆನ್ನಿನ ಟೊಪ್ಪಿ ತೆಗೆದ ಸದ್ದು. ಆಮೇಲೆ ನನ್ನ ದನಿ, ಮೂರು ವಾರದಲ್ಲಿ ಅಷ್ಟು ಆಸ್ಥೆ ಆ ದನಿಯಲ್ಲಿ ಬಂದಿರಲಿಲ್ಲ: ‘ಯಾವಾಗಿನಿಂದ ಹಾಗನಿಸುತ್ತಿದೆ?’

ಡಾಕ್ಟರು ಕೆಂಪು ಪೆನ್ನಿನಿಂದ ಮೂರು ‘ಅದಿರಲಿ’ಗೂ ಸುತ್ತು ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಅಡುಗೆಯವಳ ವಿಷಯ ಮೊದಲು ಯಾರ ಬಾಯಿಂದ ಬಂತು?’

‘ನನ್ನ ಬಾಯಿಂದ ಸರ್.’

‘ಇಲ್ಲ ಅನ್ನೋದನ್ನ ಎಷ್ಟು ಸಲ ಹೇಳಿದ್ಲು?’

ಎಣಿಸಲಿಲ್ಲ. ಎಣಿಸುವ ಧೈರ್ಯವಿರಲಿಲ್ಲ. ‘ಆದರೂ ಗುಣವಾಯಿತಲ್ಲ ಸರ್’ ಎಂದು ಬಾಯಿಗೆ ಬಂತು, ಅಂದೂಬಿಟ್ಟೆ.

‘ಯಾಕೆ ಗುಣವಾಗೋದಿಲ್ಲ? ಅಕ್ಕನ್ನ ಓಡಿಸಿದ್ರೆ ಅಡುಗೆಗೆ ಜನ ಬೇಕು. ಪೇಟೆ ಬಿಡೋದಕ್ಕೆ ಮರ್ಯಾದೆಯ ಕಾರಣ ಸಿಕ್ತು. ಬೀಗರ ಮಾತಿಗೆ ಹೆದರಿ ಬಿಟ್ಟೆ ಅಂತ ಯಾರಿಗೂ ಹೇಳಬೇಕಾಗಿಲ್ಲ, ತನಗೆ ತಾನೂ ಹೇಳಿಕೊಳ್ಳಬೇಕಾಗಿಲ್ಲ. ಗಂಟಲು ಬಿಡ್ತು.’

ಆ ಕ್ಷಣ ನನಗೆ ಬಂದ ಯೋಚನೆಯನ್ನೂ ಮುಚ್ಚಿಡುವುದಿಲ್ಲ. ಮಂಗಲಾ ನನ್ನನ್ನು ಬಳಸಿಕೊಂಡಳೇ? ಅವಳಿಗೆ ಬೇಕಾಗಿದ್ದ ನೆಪವನ್ನು ನನ್ನ ಬಾಯಿಂದಲೇ ಹೊರಡಿಸಿಕೊಂಡು ಹೋದಳೇ? ಎರಡು ದಿನ ಆ ಯೋಚನೆಯಲ್ಲಿ ಹಾಯಾಗಿದ್ದೆ, ತಪ್ಪು ಅವಳದ್ದೆಂದಾದರೆ ನನ್ನ ಹೊರೆ ಇಳಿಯುತ್ತಿತ್ತಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳುವ ಬದಲು ಪಕ್ಕದವಳ ಹೆಗಲು ತಡವುತ್ತಿದ್ದೆ. ಥೂ ಎನಿಸಿತು.

ಮೂರನೆಯ ದಿನ ಅವರ್ಸೆಗೆ ಹೋದೆ. ಕರೆಯದೆ ರೋಗಿಯ ಮನೆಗೆ ಹೋಗಬಾರದು ಎಂಬ ನಿಯಮ ನನಗೂ ಗೊತ್ತಿತ್ತು. ಮಂಗಲಾ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು, ಮೈ ತುಂಬಿಕೊಂಡಿತ್ತು. ಮದುವೆಗೆ ಮೂರು ವಾರವಿತ್ತು. ನನ್ನನ್ನು ಕಂಡು ಸಂತೋಷಪಟ್ಟಳು, ಚಾಪೆ ಹಾಸಿದಳು. ನಾನು ಸುತ್ತುಬಳಸದೆ ಹೇಳಿದೆ.

‘ಮಂಗಲಾ, ಸಾವಿತ್ರಿಯ ಮೇಲಿನ ಅನುಮಾನ ನಿನ್ನದಲ್ಲ. ಅದು ನನ್ನದು. ನಾನು ಕೇಳಿ ಕೇಳಿ ನಿನ್ನ ತಲೆಯಲ್ಲಿ ಹಾಕಿದ್ದು. ಅವಳು ಏನೂ ಮಾಡಿಲ್ಲ.’

ಅವಳ ಕೈ ಮೊರದಲ್ಲಿ ನಿಂತಿತು. ‘ಮತ್ತೆ ನೀವು ಯಾಕೆ ಕೇಳಿದ್ರಿ?’

‘ತಪ್ಪಾಗಿ ಕೇಳಿದೆ.’

‘ದೇವ್ರ ಹತ್ರ ನಾವು ಒಂದೇ ಸಲ ಕೇಳಿದ್ದು. ಇಲ್ಲ ಅಂತು. ಅದೂ ಪೂಜಾರಿ ಪ್ರಶ್ನೆ ಇಟ್ಟದ್ದು ಸರಿ ಆಯ್ತೋ ಇಲ್ವೋ ಅಂದೇಳಿ ಮನೆಯವ್ರಿಗೆ ಅನುಮಾನ ಇತ್ತು. ನೀವು ಮೂರು ವಾರ ಕೇಳಿದ್ರಿ ಬಾಯೋರೆ. ಓದಿದವ್ರು ಸುಮ್ಮನೆ ಕೇಳ್ತಾರಾ?’

‘ಕೇಳ್ತಾರೆ’ ಅಂದೆ. ‘ನಾನು ಕೇಳಿದೆನಲ್ಲ. ನೀನು ಬೀಗರ ವಿಷಯ ಹೇಳ್ತಾ ಇದ್ದೆ, ನಾನು ಕೇಳಿಸಿಕೊಳ್ಳಲಿಲ್ಲ.’

ಬೀಗರ ಹೆಸರೆತ್ತಿದ್ದೇ ಅವಳು ಬಾಗಿಲ ಕಡೆ ನೋಡಿದಳು. ಒಳಗೆ ಮಗಳಿದ್ದಳು. ದನಿ ತಗ್ಗಿಸಿ, ‘ಆ ಮಾತು ಇಲ್ಲಿ ಆಡೂಕಾಗ’ ಅಂದಳು. ಆಮೇಲೆ ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ಆ ನೋಟ ನನಗೆ ಪರಿಚಯದ್ದು, ನಾನು ರೋಗಿಗಳನ್ನು ನೋಡುವ ನೋಟ.

‘ಖರೇ ಹೇಳಿ ಬಾಯೋರೆ. ಅಕ್ಕ ನಿಮ್ಮನ್ನ ಕಂಡಿದ್ಳಾ?’

‘ಇಲ್ಲ.’

‘ಅವ್ಳ ಕೈಯ ನೀರು ಕುಡಿದ್ರ್ಯಾ?’

‘ನಾನವಳ ಮುಖವನ್ನೇ ನೋಡಿಲ್ಲ ಮಂಗಲಾ!’

ಅವಳು ನಂಬಲಿಲ್ಲ. ಎದ್ದು ನಿಂತಳು. ಒಳ್ಳೆಯ ಮಾತಿನಲ್ಲೇ, ‘ಮದ್ವೆಗೆ ಬರ್ಬೇಕು’ ಎಂದು ಕಳಿಸಿಕೊಟ್ಟಳು. ಚಹಾ ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಅತ್ತುಬಿಟ್ಟೆ, ನಾಚಿಕೆಯಿಂದ, ಸಿಟ್ಟಿನಿಂದ. ದೇವರ ‘ಇಲ್ಲ’ವನ್ನು ‘ಹೌದು’ ಮಾಡಿದ್ದು ನಾನು, ಈಗ ನಾನೇ ‘ಇಲ್ಲ’ ಅಂದರೂ ನಡೆಯದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆಡದ ಮಾತನ್ನು ಇನ್ನೊಬ್ಬರ ಬಾಯಿಂದ ಆಡಿಸಿದರೆ ಏನು ಹೋಗುತ್ತದೆ ಎಂಬುದಕ್ಕೆ ಗಾದೆಯಿಲ್ಲ.

ಇಲ್ಲಿ ಸ್ವಲ್ಪ ನಿಂತು ಈಗಿನವರಿಗೆ ಒಂದು ಮಾತು. ಈಗ ವಿಡಿಯೋ ಕರೆಯಲ್ಲಿ ಸಮಾಲೋಚನೆ, ಟಿಕ್ ಹಾಕುವ ಫಾರ್ಮು, ಭೇಟಿ ಮುಗಿದ ಕೂಡಲೇ ಅಂಕ ಕೊಡುವ ರೋಗಿ. ಬೇಡವೆನ್ನುವುದಿಲ್ಲ. ಆದರೆ ನೀವು ಯಾವ ಮಾತಿಗೆ ಮುಂದಕ್ಕೆ ಬಗ್ಗುತ್ತೀರಿ, ಯಾವ ಮಾತಿಗೆ ಗಡಿಯಾರ ನೋಡುತ್ತೀರಿ, ಯಾವುದಕ್ಕೆ ‘ಇನ್ನಷ್ಟು ಹೇಳಿ’ ಅನ್ನುತ್ತೀರಿ ಎನ್ನುವುದಕ್ಕೆ ಆ ಫಾರ್ಮಿನಲ್ಲಿ ಟಿಕ್ ಹಾಕುವ ಚೌಕವಿಲ್ಲ. ಎದುರಿಗಿರುವವರು ಅದನ್ನೇ ನೋಡುತ್ತಿರುತ್ತಾರೆ. ಕಷ್ಟದಲ್ಲಿದ್ದವರು ನಿಮ್ಮನ್ನು ಮೆಚ್ಚಿಸಲು ಎಷ್ಟು ಬೇಗ ಕಲಿಯುತ್ತಾರೆಂದು ನಿಮಗೆ ಗೊತ್ತಿಲ್ಲ. ನಿಮಗೆ ಬೇಕಾದದ್ದನ್ನೇ ರೋಗಿ ಹೇಳಿದ ದಿನ ಖುಷಿಪಡಬೇಡಿ. ಮನೆಗೆ ಹೋಗಿ ಟೇಪು ಕೇಳಿ.

ಮದುವೆ ಆಯಿತು. ನಾನು ಹೋಗಲಿಲ್ಲ. ಸಾವಿತ್ರಿಯನ್ನು ಕರೆದಿದ್ದರಂತೆ, ಆದರೆ ಅಡುಗೆಯ ಚಪ್ಪರದ ಕಡೆ ಬರಬೇಡವೆಂದು ಮೊದಲೇ ಹೇಳಿ ಕಳಿಸಿದ್ದರಂತೆ. ತಾನು ಎತ್ತಿ ಆಡಿಸಿದ ಹುಡುಗಿಯ ಮದುವೆಯಲ್ಲಿ ಅವಳು ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತು, ಅಕ್ಷತೆ ಹಾಕಿ, ಊಟ ಮಾಡದೆ ಬಸ್ಸು ಹತ್ತಿದಳಂತೆ. ಇದನ್ನು ಹೇಳಿದವನು ಮಂಗಲೆಯ ಗಂಡ, ಆಸ್ಪತ್ರೆಗೆ ಬಂದು. ‘ಅತ್ಗೆನ್ನ ವಾಪಸ್ ಕರ್ಕಂಡು ಬರೂಕೆ ನಂಗೆ ಮನಸ್ಸಿದೆ ಬಾಯೋರೆ. ಮಂಗಲಾ ಒಪ್ಪೂದಿಲ್ಲ. ಮತ್ತೆ ಗಂಟ್ಲು ಕಟ್ಟಿದ್ರೆ ಅಂದೇಳಿ ನಂಗೂ ಹೆದ್ರಿಕೆ’ ಎಂದು ತಲೆ ತಗ್ಗಿಸಿದ. ಅವನಿಂದಲೇ ಚೆಂಡಿಯಾದ ವಿಳಾಸ ಪಡೆದೆ.

ಹಿರಿಯ ಡಾಕ್ಟರಿಗೆ ಫೋನು ಮಾಡಿದಾಗ, ‘ಹೋಗಿ ಏನು ಹೇಳ್ತೀಯಾ? ಹೋಗೋದು ಅವಳಿಗೋಸ್ಕರವೋ ನಿನಗೋಸ್ಕರವೋ?’ ಅಂದರು. ಎರಡನೆಯದೇ ಇರಬೇಕು.

ನೌಕಾನೆಲೆಗೆ ಜಾಗ ಕೊಟ್ಟವರಿಗಾಗಿ ಕಟ್ಟಿದ ಮನೆಗಳ ಸಾಲಿನಲ್ಲಿ ಸಾವಿತ್ರಿಯ ತಂಗಿಯ ಮನೆ. ಮಧ್ಯಾಹ್ನ ಮೂರು ಗಂಟೆ. ತಂಗಿ ಕೆಲಸಕ್ಕೆ ಹೋಗಿದ್ದಳು. ಬಾಗಿಲು ತೆರೆದವಳು ಐವತ್ತರ ಹತ್ತಿರದ ತೆಳ್ಳಗಿನ ಹೆಂಗಸು. ಇಷ್ಟು ತಿಂಗಳು ಇವಳ ಬಗ್ಗೆ ಮಾತಾಡಿದ್ದೆ, ಬರೆದಿದ್ದೆ, ಸಭೆಯಲ್ಲಿ ಮಂಡಿಸಿದ್ದೆ. ಮುಖ ನೋಡಿದ್ದು ಆಗಲೇ.

ನಾನು ಯಾರೆಂದು ಹೇಳಿದೆ. ಅವಳಿಗೆ ಗೊತ್ತಿತ್ತು. ಒಳಗೆ ಕರೆದು ಕುರ್ಚಿ ಕೊಟ್ಟಳು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯಗಳು, ಒಂದರ ಹಿಂದೊಂದು. ನಾನು ತಪ್ಪು ಪ್ರಶ್ನೆ ಕೇಳಿದೆ, ಮಂಗಲೆಯದೂ ತಪ್ಪಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ, ಕ್ಷಮಿಸಬೇಕು. ಅವಳು ನಡುವೆ ಒಂದೂ ಮಾತಾಡಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ನಾನು ಕಂಡ ಕೇಳುಗರಲ್ಲಿ ಅವಳಷ್ಟು ಚೆನ್ನಾಗಿ ಕೇಳಿದವರು ಇಲ್ಲ.

ಮುಗಿದ ಮೇಲೆ, ‘ಮಂಗಲಾ ಈಗ ಸಮಾ ಉಂಬ್ತಾಳಾ?’ ಎಂದು ಕೇಳಿದಳು.

‘ಹೂಂ.’

‘ಆಯ್ತಲ’ ಎಂದು ಒಳಗೆ ಹೋದಳು. ಸ್ಟೋವಿನ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಒಂದು ಕಪ್ಪು ಚಾ, ಬಶಿಯ ಮೇಲಿಟ್ಟು ತಂದು ನನ್ನ ಮುಂದೆ ಹಿಡಿದಳು. ಹಬೆಯಾಡುತ್ತಿತ್ತು. ಏಲಕ್ಕಿಯ ವಾಸನೆ.

ನಾನು ಕೈ ಚಾಚಿದೆ. ಚಾಚಿದ ಕೈ ನಡುವೆ ನಿಂತಿತು.

ಒಂದು ಕ್ಷಣ. ಅದಕ್ಕಿಂತ ಹೆಚ್ಚಲ್ಲ. ಮದ್ದು ಗಿದ್ದು ನಾನು ನಂಬುವವಳಲ್ಲ. ಇವಳು ನಿರಪರಾಧಿ ಎಂದು ಲೋಕದಲ್ಲಿ ಗಟ್ಟಿಯಾಗಿ ತಿಳಿದಿದ್ದವಳು ನಾನೊಬ್ಬಳೇ, ಐದು ನಿಮಿಷದ ಹಿಂದೆ ನನ್ನ ಬಾಯಲ್ಲೇ ಹೇಳಿದ್ದೆ. ಆದರೂ ಕೈ ನಿಂತಿತು. ಎಲ್ಲಿಂದ ಬಂತು ಆ ಹೆದರಿಕೆ? ಮೂರು ವಾರ ನಾನು ಕೇಳಿದ ಪ್ರಶ್ನೆಗಳನ್ನು ಮಂಗಲಾ ಒಬ್ಬಳೇ ಕೇಳಿಸಿಕೊಂಡಿರಲಿಲ್ಲ.

ಸಾವಿತ್ರಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿಲ್ಲ, ಆಶ್ಚರ್ಯವೂ ಇಲ್ಲ. ಕಪ್ಪನ್ನು ಹಿಂದಕ್ಕೆ ತೆಗೆದುಕೊಂಡು, ಅರ್ಧ ಚಹಾ ಬಶಿಗೆ ಸುರಿದು, ನಿಂತಲ್ಲೇ ಸೊರ್ ಎಂದು ಕುಡಿದಳು. ಸೆರಗಿನಿಂದ ತುಟಿ ಒರೆಸಿಕೊಂಡು ಕಪ್ಪನ್ನು ಮತ್ತೆ ನನ್ನ ಕಡೆ ಹಿಡಿದಳು.

‘ಕುಡೀರಿ ಬಾಯೋರೆ. ಬೇಜಾರೆಂತ ಇಲ್ಲ. ಇಲ್ಲಿ ತಂಗಿ ಮಕ್ಕಳಿಗೂ ನಾ ಮೊದ್ಲು ಕುಡಿದೇ ಕೊಡೂದು.’